ಸರ್ಜಾನ ಹಲ್ಲು, ಮಾಸ್ತರರ ಕಲ್ಲು

ಕಳೆದ ವರ್ಷ ಮಿರಗದ ಮಳೆ ಹಿಡಿದ ವಾರ, ಊರೆಲ್ಲ ಬಿತ್ತನೆಗೆ ನಿಂತಿದ್ದಾಗ, ಕೊಡಂಬಲದ ರೈತ ಬಂಡೆಪ್ಪನ ಎತ್ತು ಸರ್ಜಾ ಮೇವು ಬಿಟ್ಟಿತು. ಅದೇ ವಾರ ಹುಮನಾಬಾದಿನಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರ ವೈಜನಾಥರು ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಸರ್ಜಾನ ಬಾಯಿಂದ ಹಿಂದೊಮ್ಮೆ ಕಳಚಿ ಬಿದ್ದಿದ್ದ ಹಲ್ಲನ್ನು ಹಿಡಿದು ಕಲ್ಲಿನ ಬಾಣದ ಮೊನೆ ಮಾಡುತ್ತಿದ್ದರು.

ಈ ಎರಡು ಸಂಗತಿಗಳಿಗೆ ಸಂಬಂಧವಿದೆ ಎಂದು ಅದಕ್ಕೂ ಮೊದಲು ಯಾರಾದರೂ ಹೇಳಿದ್ದರೆ ನಾನು ಅವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ನಾನು ಪತ್ರಿಕೆಯೊಂದರ ಹುಮನಾಬಾದ್ ವರದಿಗಾರ. ಇಂಥ ಸುದ್ದಿಗಳು ನಮ್ಮ ಕಡೆ ವಾರಕ್ಕೊಂದು ಬರುತ್ತವೆ. ಮನ್ನಾಏಖೇಳ್ಳಿ ಹತ್ತಿರ ಬೇವಿನ ಮರ ಅಳುತ್ತದೆ ಎಂದು ಜನ ಸೇರಿದಾಗ, ಮರ ಹತ್ತಿ, ಕೊಂಬೆಗೆ ಸಿಕ್ಕು ಗಾಳಿಗೆ ಒರಲುತ್ತಿದ್ದ ಯಾವುದೋ ಹುಟ್ಟುಹಬ್ಬದ ಫ್ಲೆಕ್ಸ್ ಬಿಡಿಸಿ ತಂದವನು ನಾನು. ಯಾವುದೇ ಸಂಗತಿಗೆ ಇಬ್ಬರು ಸಾಕ್ಷಿ ಬೇಕು, ಇಬ್ಬರೂ ಒಂದೇ ಮನೆಯವರಾಗಿರಬಾರದು ಎಂಬುದು ನಾನು ಕಲಿತ ಪಾಠ. ಮುಂದಿನದನ್ನು ಓದುವಾಗ ನೀವೂ ಅದೇ ಅಳತೆಗೋಲು ಹಿಡಿಯಿರಿ. ನನ್ನ ಅಭ್ಯಂತರವಿಲ್ಲ.

ಮೊದಲು ಮಾಸ್ತರರ ವಿಷಯ. ವೈಜನಾಥ ಮಾಸ್ತರರು ನೌಕರಿಯುದ್ದಕ್ಕೂ ಕಪ್ಪು ಹಲಗೆಯ ಮೇಲೆ ಆದಿಮಾನವನ ಚಿತ್ರ ಬಿಡಿಸಿದವರು. ಕೈಯಲ್ಲಿ ಕಲ್ಲಿನ ಕೊಡಲಿ, ಸೊಂಟಕ್ಕೆ ತೊಗಲು, ಮುಖ ಮಾತ್ರ ಯಾವಾಗಲೂ ಶಾಲೆಯ ಹೆಡ್‌ಮಾಸ್ತರರದ್ದು. ನಿವೃತ್ತರಾದ ಮೇಲೆ ಅವರಿಗೆ ಒಂದು ಪ್ರಶ್ನೆ ಹತ್ತಿಕೊಂಡಿತು: ಕಬ್ಬಿಣವೇ ಇಲ್ಲದ ಕಾಲದಲ್ಲಿ ಆ ಮನುಷ್ಯ ಕಲ್ಲನ್ನು ಎಲೆಯಷ್ಟು ತೆಳ್ಳಗೆ ಮಾಡಿದ್ದು ಹೇಗೆ? ಮೊಬೈಲಿನಲ್ಲಿ ವಿಡಿಯೊ ನೋಡಿದರು, ಬೆರಳು ಕೊಯ್ದುಕೊಂಡರು, ಕಲಿತರು.

ಅವರು ನನಗೆ ತೋರಿಸಿದ ಪ್ರಕಾರ ಅದು ಹೀಗಿದೆ. ನಮ್ಮ ಹೊಲದ ನಾಲೆಗಳ ಅಂಚಿನಲ್ಲಿ ಸಿಗುವ ಚಕಮಕಿ ಕಲ್ಲನ್ನು ಮೊದಲು ಒಂದು ಗುಂಡುಕಲ್ಲಿನಿಂದ ಒಡೆಯಬೇಕು. ಬಂದ ಚಕ್ಕೆಯನ್ನು ಎಮ್ಮೆಯ ಕಾಲಿನ ಎಲುಬಿನಿಂದ ಬಡಿದು ತೆಳ್ಳಗೆ ಮಾಡಬೇಕು. ಕಲ್ಲಿಗಿಂತ ಎಲುಬು ಮೆತ್ತಗೆ, ಹಾಗಾಗಿ ಪೆಟ್ಟು ಹರಡಿಕೊಂಡು ಅಗಲವಾದ, ತೆಳ್ಳನೆಯ ಚಕ್ಕೆ ಏಳುತ್ತದೆ. ಕೊನೆಗೆ ಅಂಚಿನ ಕೆಲಸ. ಅಂಗೈ ಮೇಲೆ ತೊಗಲಿನ ತುಂಡು ಇಟ್ಟು, ಅದರ ಮೇಲೆ ಕಲ್ಲು ಹಿಡಿದು, ಕೊಂಬಿನದೋ ಹಲ್ಲಿನದೋ ಚೂಪು ತುದಿಯನ್ನು ಅಂಚಿಗೆ ಊರಿ ಒತ್ತಬೇಕು. ಚಿಟ್ ಅಂತ ಮೀನಿನ ಹುರುಪೆಯಂಥ ಚೂರು ಹಾರುತ್ತದೆ. ಹೀಗೆ ಸುತ್ತಲೂ ಒತ್ತುತ್ತ ಹೋದರೆ ಅಂಚು ಗರಗಸದಂತೆ ಆಗುತ್ತದೆ.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು ಜಿಂಕೆಯ ಕೊಂಬಂತೆ. ಆದರೆ ಜಿಂಕೆ ಕೊಂಬು ಮನೆಯಲ್ಲಿಟ್ಟುಕೊಂಡರೆ ಅರಣ್ಯ ಇಲಾಖೆಯವರು ಮಾಸ್ತರರನ್ನೇ ಒಯ್ಯುತ್ತಾರೆ. ಹೀಗಾಗಿ ಹುಟ್ಟಾ ಸಸ್ಯಾಹಾರಿಯಾದ ಅವರು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಾಡಹಗಲೇ ಮಾಂಸದಂಗಡಿಯ ಮುಂದೆ ಹೋಗಿ ಬರೀ ಎಲುಬು ಕೇಳಿ ನಿಲ್ಲಬೇಕಾಯಿತು. ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ.

"ಗೋಷ್ ಬ್ಯಾಡ, ಖಾಲಿ ಹಡ್ಡಿ ಯಾಕ್ರಿ ಮಾಸ್ತರ್ ಸಾಬ್?"

"ಕಲ್ಲ ಒಡ್ಯಾಕಪಾ."

ಅವನು ಸ್ವಲ್ಪ ಹೊತ್ತು ಗುರುಗಳ ಮುಖ ನೋಡಿ, "ಸುತ್ತಗಿ ಆ ಕಡಿ ದುಕಾನದಾಗ ಸಿಗ್ತಾವ್ರಿ" ಎಂದನಂತೆ. ಸಂಜೆಯ ಹೊತ್ತಿಗೆ ಮಾಸ್ತರರು ಕೆಟ್ಟರು ಎಂಬ ಸುದ್ದಿ ಓಣಿ ತುಂಬ ಹಬ್ಬಿತು. ಅವರ ಹೆಂಡತಿ ಮಹಾದೇವಮ್ಮನವರಿಗೆ ಅದಕ್ಕಿಂತ ದೊಡ್ಡ ಚಿಂತೆ ಕಲ್ಲಿನ ಚೂರುಗಳದ್ದು. ದೇವರ ಕೋಣೆಗೂ ಚಪ್ಪಲಿ ಹಾಕಿಕೊಂಡು ಹೋಗಬೇಕಾದ ಮನೆ ಹುಮನಾಬಾದಿನಲ್ಲಿ ಅದೊಂದೇ ಇರಬೇಕು.

ಇನ್ನು ಹಲ್ಲಿನ ವಿಷಯ. ಬೇಸಿಗೆಯಲ್ಲಿ ಸರ್ಜಾ ಕಲ್ಲಿನ ಗೋದಲಿಗೆ ಮೂತಿ ಬಡಿದುಕೊಂಡು ಮುಂದಿನ ಒಂದು ಹಲ್ಲು ಬೇರುಸಹಿತ ಕಳಚಿ ಬಿದ್ದಿತ್ತು. ಬಂಡೆಪ್ಪನ ಹೆಂಡತಿ ಕಾಶಮ್ಮ ಅದನ್ನು ತೊಳೆದು, ಅರಿವೆಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು. ದನದ ಹಲ್ಲು ಬಿದ್ದರೆ ಅಮಾವಾಸ್ಯೆಯ ದಿನ ಅದೇ ದನ ಮೇಯುವ ಗೋದಲಿಯ ಬುಡಕ್ಕೆ ಹೂಳಬೇಕು, ಇಲ್ಲದಿದ್ದರೆ ದನ ಮೇವಿನ ರುಚಿ ಮರೆಯುತ್ತದೆ ಎಂದು ಆಕೆಯ ಅತ್ತೆ ಹೇಳಿಕೊಟ್ಟಿದ್ದಳು. ಅಮಾವಾಸ್ಯೆ ಬರುವ ಮೊದಲೇ ಮಾಸ್ತರರು ಬಂದರು. ನಾಲೆಯ ಅಂಚಿನಲ್ಲಿ ಕಲ್ಲು ಆರಿಸಿಕೊಂಡು ನೀರು ಕುಡಿಯಲು ಮನೆಗೆ ಬಂದವರು, ಎಲುಬಿನ ತಾಪತ್ರಯ ಹೇಳಿಕೊಂಡರು. ಬಂಡೆಪ್ಪ ಎಲ್ಲರಿಗೂ ಎಲ್ಲವನ್ನೂ ಕೊಡುವ ಮನುಷ್ಯ. ಗೂಡಿನಿಂದ ಹಲ್ಲು ತೆಗೆದು, "ಇದು ನಡೀತದೇನ ನೋಡ್ರಿ" ಎಂದು ಕೊಟ್ಟುಬಿಟ್ಟ. ಹೆಂಡತಿಗೆ ಹೇಳಲಿಲ್ಲ.

ಹಲ್ಲು ನಡೆಯಿತು. ಜಾಲಿ ಕಟ್ಟಿಗೆಯ ಹಿಡಿ ಮಾಡಿ, ಅರಗು ಕಾಸಿ ಅದರಲ್ಲಿ ಹಲ್ಲು ಕೂಡಿಸಿ ಮಾಸ್ತರರು ಒತ್ತಿ ನೋಡಿದರೆ, ಕಬ್ಬಿಣದ ಮೊಳೆ ಜಾರುವಲ್ಲಿ, ಎಮ್ಮೆಯ ಹಲ್ಲು ಸೀಳುವಲ್ಲಿ, ಈ ಹಲ್ಲು ಕಲ್ಲನ್ನು ಕಚ್ಚಿ ಹಿಡಿಯುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವರ ಬಾಣದ ಮೊನೆ ಬಾಣದ ಮೊನೆಯಂತೆ ಕಂಡಿತು. ಬಸವಕಲ್ಯಾಣದ ಒಂದು ಕಾಲೇಜಿನ ಇತಿಹಾಸ ವಿಭಾಗದವರು ಅದನ್ನು ನೋಡಿ, ಬರುವ ಸೋಮವಾರ ವಿದ್ಯಾರ್ಥಿಗಳ ಮುಂದೆ ಮಾಡಿ ತೋರಿಸಿ ಎಂದು ಕರೆದರು. ಓಣಿಯಲ್ಲಿ ಕೆಟ್ಟ ಹೆಸರು ತೊಳೆದುಕೊಳ್ಳಲು ಅವರಿಗೆ ಇದ್ದದ್ದು ಅದೊಂದೇ ದಾರಿ. ನನ್ನನ್ನೂ ಬರಲು ಹೇಳಿದರು. ನಾಲ್ಕು ಸಾಲಿನ ಸುದ್ದಿ, ಒಂದು ಫೋಟೊ ಎಂದು ನಾನು ಒಪ್ಪಿಕೊಂಡಿದ್ದೆ.

ಆ ವಾರದ ನಡುವೆ ಕಾಶಮ್ಮ ನನ್ನ ಆಫೀಸಿಗೆ ಬಂದಳು. ಆಫೀಸೆಂದರೆ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತಿ ಬಂದವಳು ಉಸಿರು ತೆಗೆದುಕೊಳ್ಳುವ ಮೊದಲೇ ಹೇಳಿದಳು:

"ಪೇಪರ್ ಅಣ್ಣೋರ, ನಮ್ಮ ಎತ್ತ ಮೇಯಾಕತ್ತಿಲ್ರಿ. ಆ ಕಲ್ಲ ಒಡ್ಯೋ ಮಾಸ್ತರ ಅದರ ಹಲ್ಲ ಒಯ್ದಾರ. ಪೇಪರ್ನಾಗ ಹಾಕ್ರಿ."

ಇದು ಸುದ್ದಿಯಾಗುವುದಿಲ್ಲ ಎಂದು ನಾನು ಸಮಾಧಾನವಾಗಿಯೇ ಹೇಳಿದೆ.

"ಯಾಕ ಆಗಲ್ರಿ? ಲೀಡರ್‌ಗೋಳು ಒಂದ ಹೊತ್ತ ಉಪವಾಸ ಕುಂತ್ರ ಫೋಟೊ ಹಾಕ್ತೀರಿ. ನಮ್ಮ ಸರ್ಜಾ ನಾಕ ದಿನ ಆಯ್ತು ಕುಂತು."

ಖಾಲಿ ಗೂಡು ನೋಡಿ ಗಂಡನ ಬಾಯಿ ಬಿಡಿಸಿ ಬಂದಿದ್ದ ಆಕೆ ಹೇಳಿದ್ದು ಇಷ್ಟು. ಎತ್ತಿಗೆ ಜ್ವರವಿಲ್ಲ, ಬಾಯಲ್ಲಿ ಹುಣ್ಣಿಲ್ಲ. ದನದ ಡಾಕ್ಟರು ಎರಡು ಸಲ ನೋಡಿ, ಏನೂ ಆಗಿಲ್ಲ ಎಂದು ಪುಡಿ ಕೊಟ್ಟು ಹೋಗಿದ್ದಾರೆ. ಸರ್ಜಾ ಮೇವಿಗೆ ಬಾಯಿ ಹಾಕುತ್ತದೆ, ಒಮ್ಮೆಲೇ ನಿಲ್ಲಿಸುತ್ತದೆ, ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ಹಾಕಿಕೊಂಡು ತಲೆ ಕೊಡವುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು, ಮತ್ತೆ ನಿಲುಗಡೆ. ಅವರ ಹೊಲ ನಾಲೆಯ ಆಚೆ ಇಳುಕಲಿನಲ್ಲಿದೆ, ಅಲ್ಲಿಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಇರುವುದು ರಾಜಾ ಮತ್ತು ಸರ್ಜಾ, ಒಂದೇ ಜೋಡಿ. ನೆಲದ ಹದ ಆರುವುದರೊಳಗೆ ಸರ್ಜಾ ಹೆಗಲು ಕೊಡದಿದ್ದರೆ ಈ ಸಲ ತೊಗರಿ ಬಿತ್ತುವಂತಿಲ್ಲ.

ನಾವಿಬ್ಬರೂ ಮಾಸ್ತರರ ಮನೆಗೆ ಹೋದೆವು. ಮಾಸ್ತರರು ನಕ್ಕರು. ನಾನೂ ನಕ್ಕೆ. ಕಾಶಮ್ಮ ನಗಲಿಲ್ಲ. "ಹಲ್ಲ ಕೊಡ್ರಿ" ಎಂದಳು. "ಸೋಮವಾರ ಮುಗೀಲಿ ತಂಗಿ, ನಾನಾ ಬಂದು ಕೊಡ್ತೀನಿ" ಎಂದರು ಮಾಸ್ತರರು. "ಸೋಮವಾರ ತನಕ ನೀವು ಉಪವಾಸ ಇರ್ರಿ, ನೋಡಮ್" ಎಂದಳು ಆಕೆ. ಒಳಗಿನಿಂದ ಮಹಾದೇವಮ್ಮನವರು, "ಇಡ್ರವ್ವಾ ಅವರನ್ನ ಉಪವಾಸ, ನಮಗೂ ಆರಾಮ ಆಗ್ತದ" ಎಂದರು.

ಜಗಳ ಬಿಡಿಸಲು ನಾನೊಂದು ಪರೀಕ್ಷೆ ಸೂಚಿಸಿದೆ. ಕಾಶಮ್ಮನ ನಂಬಿಕೆ ಸುಳ್ಳೆಂದು ತೋರಿಸಿ, ಎತ್ತನ್ನು ಮತ್ತೆ ಡಾಕ್ಟರರ ಹತ್ತಿರ ಕಳಿಸುವುದೇ ನನ್ನ ಉದ್ದೇಶವಾಗಿತ್ತು. ಮರುದಿನ ಬೆಳಿಗ್ಗೆ ನಾನು ಕೊಡಂಬಲದ ದನದ ಕೊಟ್ಟಿಗೆಯಲ್ಲಿ ಕುಳಿತು ಸರ್ಜಾನ ವಿಡಿಯೊ ತೆಗೆಯುವುದು. ಅದೇ ಹೊತ್ತಿಗೆ ಹುಮನಾಬಾದಿನಲ್ಲಿ ಮಾಸ್ತರರು ತಮಗೆ ತೋಚಿದಂತೆ ಒಮ್ಮೆ ಗುಂಡುಕಲ್ಲು, ಒಮ್ಮೆ ಎಲುಬು, ಒಮ್ಮೆ ಹಲ್ಲು ಬಳಸುವುದು, ಮಹಾದೇವಮ್ಮನವರು ಅದರ ವಿಡಿಯೊ ತೆಗೆಯುವುದು. ನಡುವೆ ಯಾರೂ ಯಾರಿಗೂ ಫೋನ್ ಮಾಡುವಂತಿಲ್ಲ. ಎರಡೂ ಮೊಬೈಲುಗಳಲ್ಲಿ ಗಂಟೆ ನಿಮಿಷ ಕಾಣುತ್ತದೆ, ಆಮೇಲೆ ಕೂಡಿಸಿ ನೋಡಿದರಾಯಿತು.

ಚಿಟಗುಪ್ಪದಲ್ಲಿ ಬಸ್ಸು ಬದಲಿಸಿ ಕೊಡಂಬಲ ಮುಟ್ಟಿ ಕೊಟ್ಟಿಗೆಯಲ್ಲಿ ಕುಳಿತೆ. ಎತ್ತು ನನ್ನನ್ನು ನೋಡಿತು, ನಾನು ಎತ್ತನ್ನು ನೋಡಿದೆ. ಅದು ಮೆಲುಕು ಹಾಕಿತು, ನಿಲ್ಲಿಸಿತು, ತಲೆ ಕೊಡವಿತು, ಮತ್ತೆ ಮೆಲುಕು ಹಾಕಿತು. ಬಂಡೆಪ್ಪ ನನ್ನ ಹಿಂದೆ ನಿಂತು, "ನಮ್ಮನಿಯಾಕಿ ನನ್ನ ಜೋಡಿ ಮಾತ ಬಿಟ್ಟಾಳ್ರಿ, ಎತ್ತ ಮೇವು ಬಿಟ್ಟದ, ಇನ್ನ ನಾ ಏನ ಬಿಡ್ಲಿ" ಎಂದು ಪಿಸುಗುಟ್ಟಿದ. ಒಂದು ಸಲ ಮಾತ್ರ ಬೇರೆ ಏನೋ ಆಯಿತು. ಸರ್ಜಾ ಕುತ್ತಿಗೆ ಉದ್ದ ಮಾಡಿ, ಕಣ್ಣು ಅರೆ ಮುಚ್ಚಿ, ಬಾಲ ಮೆಲ್ಲಗೆ ಎತ್ತಿ, ಯಾರೋ ಗಂಗೆದೊಗಲು ತುರಿಸುತ್ತಿದ್ದಾರೆ ಎಂಬಂತೆ ನಿಂತಿತು. ಯಾರೂ ಅದರ ಹತ್ತಿರ ಇರಲಿಲ್ಲ. ನೊಣ ಇರಬೇಕು ಅಂದುಕೊಂಡೆ.

ಮಧ್ಯಾಹ್ನ ಕಾಶಮ್ಮನನ್ನೂ ಕರೆದುಕೊಂಡು ಹುಮನಾಬಾದಿಗೆ ಬಂದು, ಮಾಸ್ತರರ ಪಡಸಾಲೆಯಲ್ಲಿ ಎರಡು ಮೊಬೈಲುಗಳನ್ನು ಪಕ್ಕಪಕ್ಕ ಇಟ್ಟು ವಿಡಿಯೊ ಓಡಿಸಿದೆವು.

ಮಾಸ್ತರರು ಗುಂಡುಕಲ್ಲಿನಿಂದ ಹೊಡೆಯುವಾಗ ಸರ್ಜಾ ಮೆಲುಕು ಹಾಕುತ್ತಿತ್ತು. ಎಲುಬಿನಿಂದ ಬಡಿಯುವಾಗ ಮೆಲುಕು ಹಾಕುತ್ತಿತ್ತು. ಹಲ್ಲು ಕಲ್ಲಿಗೆ ಊರಿದಾಗ ನಿಲ್ಲಿಸುತ್ತಿತ್ತು. ಹಲ್ಲು ಎತ್ತಿದಾಗ ಮತ್ತೆ ಶುರು ಮಾಡುತ್ತಿತ್ತು. ಮೊದಮೊದಲು ಕಾಕತಾಳೀಯ ಎಂದು ನಾನು ಜೋರಾಗಿಯೇ ಹೇಳಿದೆ. ಆಮೇಲೆ ಮೆಲ್ಲಗೆ ಹೇಳಿದೆ. ಕೊನೆಕೊನೆಗೆ ಹೇಳಲಿಲ್ಲ.

ಆಗ ಆ ಜಾಗ ಬಂತು. ಎತ್ತು ಕುತ್ತಿಗೆ ಉದ್ದ ಮಾಡಿ ಕಣ್ಣು ಮುಚ್ಚಿದ ಹೊತ್ತಿಗೆ ಸರಿಯಾಗಿ, ಈಚೆಯ ವಿಡಿಯೊದಲ್ಲಿ ಮಾಸ್ತರರು ಕೆಲಸ ನಿಲ್ಲಿಸಿದ್ದರು. ಹಲ್ಲು ಕೂಡಿಸಿದ ಹಿಡಿಯನ್ನು ಅಂಗಿಯೊಳಗೆ ಹಿಂದಿನಿಂದ ಇಳಿಸಿ ಬೆನ್ನು ಕೆರೆದುಕೊಳ್ಳುತ್ತಿದ್ದರು. ಕಣ್ಣು ಅರೆ ಮುಚ್ಚಿತ್ತು. ಮಹಾದೇವಮ್ಮನವರ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು: "ಬೆನ್ನ ಕೆರಕೊಳ್ಳೋದೂ ಶೂಟಿಂಗ್ ಮಾಡ್ಲೇನ್ರಿ?"

ಆ ಎರಡು ವಿಡಿಯೊಗಳು ಇನ್ನೂ ನನ್ನ ಬಳಿ ಇವೆ. ನಮ್ಮ ಫೋಟೊಗ್ರಾಫರನಿಗೆ ತೋರಿಸಿದ್ದೇನೆ, ಕತ್ತರಿಸಿ ಅಂಟಿಸಿದ್ದಲ್ಲ ಎಂದು ಅವನೂ ಹೇಳಿದ.

ಮೊದಲು ಮಾತಾಡಿದವರು ಮಾಸ್ತರರು. "ಸರ್, ಕೆರಕೊಂಡ್ರ ಅದಕ್ಕ ಸುಖಾ ಆಗಾಕತ್ತದ. ನಾ ಬೇಕಾರ ದಿನಾ ಒಂದ ತಾಸ ಕೆರಕೋತೀನಿ, ಸೋಮವಾರ ಒಂದ ದಿನ ಒತ್ತಾಕ ಬಿಡ್ರಿ."

"ಕೆರಕೊಂಡ್ರ ಹೊಟ್ಟಿ ತುಂಬ್ತದೇನ್ರಿ ಮಾಸ್ತರ?" ಎಂದಳು ಕಾಶಮ್ಮ.

ಕೊನೆಗೆ ಒಪ್ಪಂದವಾಯಿತು. ಸೋಮವಾರದವರೆಗೆ ಮಾಸ್ತರರು ಹಲ್ಲು ಮುಟ್ಟಬಾರದು. ಸೋಮವಾರ ಕಾಲೇಜಿನಲ್ಲಿ ಒಂದೇ ಒಂದು ಮೊನೆ ಮಾಡಿ, ಅಲ್ಲೇ ಕಾಶಮ್ಮನ ಕೈಗೆ ಹಲ್ಲು ಕೊಡಬೇಕು. ಅದಕ್ಕಾಗಿ ಆಕೆಯೂ ಬಸವಕಲ್ಯಾಣಕ್ಕೆ ಬರಬೇಕು. ಬಂಡೆಪ್ಪ ಎತ್ತಿನ ಬಳಿ ಫೋನ್ ಹಿಡಿದು ನಿಂತಿರಬೇಕು. ನಡುವಿನ ದಿನಗಳಲ್ಲಿ ಮಾಸ್ತರರು ಮಾತಿಗೆ ತಪ್ಪಲಿಲ್ಲ. ಸರ್ಜಾ ಆ ದಿನಗಳಲ್ಲಿ ಮೇವು ತಿಂದಿತು. ಇವೆರಡನ್ನೂ ನಾನು ಬೇರೆಬೇರೆಯಾಗಿ ವಿಚಾರಿಸಿ ಖಚಿತಪಡಿಸಿಕೊಂಡೆ.

ಸೋಮವಾರ ಕಾಲೇಜಿನ ಸಭಾಂಗಣ ತುಂಬಿತ್ತು. ಮಾಸ್ತರರು ವೇದಿಕೆಯ ಮೇಲೆ ಗೋಣಿತಟ್ಟು ಹಾಸಿ ಕುಳಿತಿದ್ದರು. ಕಾಶಮ್ಮ ಮುಂದಿನ ಸಾಲಿನಲ್ಲಿ, ಪ್ರಾಂಶುಪಾಲರ ಪಕ್ಕದ ಕುರ್ಚಿಯಲ್ಲಿ, ಫೋನ್ ಕಿವಿಗೆ ಹಚ್ಚಿಕೊಂಡು ಕುಳಿತಿದ್ದಳು. ಪ್ರಾಂಶುಪಾಲರು ಆಕೆಯನ್ನು ಯಾವುದೋ ಇಲಾಖೆಯವರೆಂದು ತಿಳಿದು ಹೂಗುಚ್ಛ ಕೊಟ್ಟಿದ್ದರು.

ಗುಂಡುಕಲ್ಲು, ಎಲುಬು ಎಲ್ಲ ಸರಾಗವಾಗಿ ಮುಗಿಯಿತು. ಮಾಸ್ತರರು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಹಲ್ಲು ಕೈಗೆತ್ತಿಕೊಂಡು ಅಂಚು ಒತ್ತತೊಡಗಿದರು. ಚಿಟ್, ಚಿಟ್ ಎಂದು ಚೂರು ಹಾರಿದವು. ಹುಡುಗರೆಲ್ಲ ಮೊಬೈಲು ಎತ್ತಿ ಹಿಡಿದರು. ಅಷ್ಟರಲ್ಲಿ ಕಾಶಮ್ಮ ಗಾಬರಿಯಲ್ಲಿ ಏನನ್ನೋ ಒತ್ತಿರಬೇಕು, ಫೋನಿನ ಸ್ಪೀಕರ್ ಹತ್ತಿತು. ಬಂಡೆಪ್ಪನ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು.

"ನಿಂದ್ರಸ್ತು! ಮೆಲಕ ನಿಂದ್ರಸ್ತು!"

ಹುಡುಗರು ನಕ್ಕರು. ಮಾಸ್ತರರು ತಲೆ ಎತ್ತಲಿಲ್ಲ. ಮೊನೆಯ ಎರಡು ಅಂಚು ಮುಗಿದಿದ್ದವು. ಬುಡದಲ್ಲಿ ದಾರ ಕಟ್ಟಲು ಎರಡು ಕಚ್ಚು ಹಾಕಬೇಕು. ಒಂದು ಹಾಕಿದರು. ಇನ್ನೊಂದೇ ಉಳಿದಿತ್ತು.

"ಮಲ್ಕೊಂತು ನೋಡೇ! ಕಾಲ ಚಾಚಾಕತ್ತದ! ಏ, ಕುತ್ತಗಿ ಹಾಕ್ತು!"

ಕಾಶಮ್ಮ ಎದ್ದು ನಿಂತಳು. "ಸಾಕ್ರಿ ಮಾಸ್ತರ."

ಈಗ ಯಾರೂ ನಗಲಿಲ್ಲ. ಮಾಸ್ತರರು ಕೈಯಲ್ಲಿದ್ದ ಮೊನೆ ನೋಡಿದರು, ಕಾಶಮ್ಮನನ್ನು ನೋಡಿದರು. ಆಮೇಲೆ ಹಿಡಿಯನ್ನು ಮೇಜಿನ ಅಂಚಿಗೆ ಬಡಿದರು. ಅರಗು ಒಡೆದು ಹಲ್ಲು ಹೊರಬಂತು. ವೇದಿಕೆಯಿಂದ ಬಗ್ಗಿ ಅದನ್ನು ಆಕೆಯ ಅಂಗೈಯಲ್ಲಿ ಇಟ್ಟರು. ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಬಂಡೆಪ್ಪನ ದನಿ ಬಂತು: "ಎದ್ದದ. ಕಣಕಿಗಿ ಬಾಯಿ ಹಾಕ್ಯದ."

ಮಾಸ್ತರರು ಕುರಿಯ ಎಲುಬಿನ ಸೀಳು ತೆಗೆದುಕೊಂಡು ಕೊನೆಯ ಕಚ್ಚು ಹಾಕಲು ಒತ್ತಿದರು. ಮೊನೆ ನಡುವಿಗೆ ಮುರಿದು ಎರಡಾಯಿತು. ಎರಡೂ ತುಂಡನ್ನು ಎತ್ತಿ ತೋರಿಸಿ, "ಹಿಂಗೂ ಆಗ್ತದ. ಅವಾಗಿನೋರಿಗೂ ಹಿಂಗಾ ಆಗಿರಬೇಕ್ರಿ" ಎಂದರು. ಭಾರಿ ಚಪ್ಪಾಳೆ ಬಿತ್ತು. ಉಪನ್ಯಾಸಕರೊಬ್ಬರು ಎದ್ದು, ಫೋನಿನಲ್ಲಿ ಮಾತಾಡಿದವರು ತಮ್ಮ ಸಹಾಯಕರೇ ಎಂದು ಕೇಳಿದರು. "ಸಹಾಯಕನ ಮಾಲಕರು" ಎಂದರು ಮಾಸ್ತರರು.

ಮರುದಿನ ನನ್ನ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಅದರಲ್ಲಿ ಎತ್ತು ಇರಲಿಲ್ಲ.

ಸಭಾಂಗಣದಲ್ಲಿ ಆದದ್ದನ್ನು ನಾನು ಸಾಕ್ಷ್ಯವೆಂದು ಎಣಿಸುವುದಿಲ್ಲ. ಗಂಡ ಹೆಂಡತಿ ಫೋನಿನಲ್ಲಿದ್ದರು, ಇಬ್ಬರೂ ಒಂದೇ ಮನೆಯವರು. ಎತ್ತಿನ ಒಸಡು ನೋಯುತ್ತಿದ್ದಿರಬಹುದು ಎಂದು ಡಾಕ್ಟರರು ಆಮೇಲೆ ಹೇಳಿದರು. ಇರಬಹುದು. ಮಾಸ್ತರರು ದಿನದ ಯಾವ ಹೊತ್ತಿಗೆ ಕೆಲಸಕ್ಕೆ ಕೂರುತ್ತಾರೋ ಅದೇ ಹೊತ್ತಿಗೆ ಎತ್ತಿಗೂ ನೋವು ಕಾಣಿಸಿಕೊಂಡಿರಬಹುದು. ಅದನ್ನೂ ಒಪ್ಪುತ್ತೇನೆ. ನನಗೆ ದಾಟಲಾಗದ್ದು ಆ ಬೆನ್ನು ಕೆರೆತ ಒಂದೇ. ಆ ವಿಡಿಯೊವನ್ನು ಎಷ್ಟು ಸಲ ನೋಡಿದರೂ ಒಂದು ಕಡೆ ಮಾಸ್ತರರು, ಒಂದು ಕಡೆ ಎತ್ತು, ಇಬ್ಬರ ಮುಖದ ಮೇಲೂ ಒಂದೇ ಸುಖ.

ಕಾಶಮ್ಮ ಆ ಹಲ್ಲನ್ನು ಅಮಾವಾಸ್ಯೆಗೆ ಕಾಯದೆ ಅವತ್ತೇ ಗೋದಲಿಯ ಬುಡಕ್ಕೆ ಹೂಳಿದಳು. ಆ ವಾರದಲ್ಲೇ ರಾಜಾ ಸರ್ಜಾ ಕೂರಿಗೆ ಎಳೆದವು. ತೊಗರಿ ಚೆನ್ನಾಗಿ ಬಂತು. ಮಾಸ್ತರರು ಈಗ ತಕ್ಕ ಹಲ್ಲಿನ ಹುಡುಕಾಟದಲ್ಲಿದ್ದಾರೆ. ಸತ್ತ ದನದ ಹಲ್ಲು ಸೀಳುತ್ತದೆ, ಬದುಕಿರುವುದರ ಹಲ್ಲೇ ಬೇಕು ಎಂಬುದು ಅವರ ಇತ್ತೀಚಿನ ಸಿದ್ಧಾಂತ.

ಕಳೆದ ವಾರ ನಾನು ಹುಮನಾಬಾದಿನಲ್ಲಿ ದವಡೆಯ ಹಲ್ಲು ತೆಗೆಸಿಕೊಂಡೆ. ದಂತವೈದ್ಯರು ಅದನ್ನು ಕಸದ ಡಬ್ಬಿಗೆ ಹಾಕಲು ಹೊರಟಾಗ ಕೇಳಿ ಇಸಿದುಕೊಂಡೆ. ಆ ವೈದ್ಯರು ಮಾಸ್ತರರ ಹಳೆಯ ವಿದ್ಯಾರ್ಥಿಯೆಂದು ನನಗೆ ಗೊತ್ತಿರಲಿಲ್ಲ. ಸಂಜೆಯೇ ಮಾಸ್ತರರ ಫೋನ್ ಬಂತು. "ಬೇರು ಭಾಳ ಉದ್ದ ಅದ ಅಂತಲ್ರಿ ಸರ್?" ಎಂದು ಕೇಳಿದರು. ಆಮೇಲೂ ಎರಡು ಸಲ ಮಾಡಿದರು.

ನಾನು ಕಾಶಮ್ಮನಿಗೆ ಫೋನ್ ಮಾಡಿದೆ. ಗೋದಲಿಯ ಬುಡಕ್ಕೆ ಹೂಳಬೇಕು ಎಂದಳು. ನಮ್ಮ ಮನೆಯಲ್ಲಿ ಗೋದಲಿ ಇಲ್ಲ ಎಂದೆ. "ನೀವು ಉಣ್ಣೋ ಜಾಗ ಅದಲ್ರಿ ಅಣ್ಣೋರ, ಅದರ ಬುಡಕ" ಎಂದಳು.

ಊಟದ ಮೇಜಿನ ಕೆಳಗಿನ ಟೈಲ್ಸ್ ಒಂದನ್ನು ಎಬ್ಬಿಸಲು ಭಾನುವಾರ ಗೌಂಡಿ ಬರುವವನಿದ್ದಾನೆ.